ಎರಡು ಬೀದಿಯ ಸಿಗರೇಟು ತುಂಡುಗಳು

ಬೆಳಗಿನ ಐದೂಕಾಲು. ಬ್ಯಾಂಕು, ಕಚೇರಿಗಳ ಅಗಲವಾದ ಬೀದಿಯಲ್ಲಿ ಉದ್ದನೆಯ ಪೊರಕೆ ಹಿಡಿದ ಹೆಂಗಸೊಬ್ಬರು ಕಸದಿಂದ ಸಿಗರೇಟು ತುಂಡುಗಳನ್ನು ಬೇರೆ ಮಾಡುತ್ತಿದ್ದಾರೆ. ಇಡೀ ಬೀದಿಗೆ ಸಿಕ್ಕಿದ್ದು ಹದಿನಾಲ್ಕು. ಅವನ್ನು ಚೀಲಕ್ಕೆ ಹಾಕಿ ಹಿಂದಿನ ಗೋದಾಮು ಬೀದಿಗೆ ತಿರುಗುತ್ತಾರೆ. ಅಲ್ಲಿ ಲಾರಿ ನಿಲ್ಲುವ ಗೇಟಿನ ಮುಂದೆಯೇ ಎಣಿಕೆ ಇನ್ನೂರು ದಾಟುತ್ತದೆ.

ಜೊತೆ ಕೆಲಸದವರಿಗೆ ಅವರು ‘ಲೆಕ್ಕದಕ್ಕ’. ವಯಸ್ಸು ನಲವತ್ತೊಂಬತ್ತು, ಓದಿದ್ದು ನಾಲ್ಕನೇ ತರಗತಿ. ಈ ಎರಡು ಬೀದಿ ಗುಡಿಸತೊಡಗಿ ಇಪ್ಪತ್ತಾರು ವರ್ಷ. ಎಣಿಸಲು ಶುರು ಮಾಡಿದ್ದು ಬೇಸರ ಕಳೆಯಲು. ಆಮೇಲೆ ಅದೇ ಗೀಳಾಯಿತು. ಆಗ ಎರಡೂ ಬೀದಿ ಸರಿಸಮವಂತೆ, ಒಂದೊಂದರಲ್ಲೂ ದಿನಕ್ಕೆ ನಾನೂರರ ಆಸುಪಾಸು. ಕಚೇರಿಯವರದು ಅರ್ಧಕ್ಕೇ ಎಸೆದ ದುಬಾರಿ ಸಿಗರೇಟು, ಗೋದಾಮಿನವರದು ಬೆರಳು ಸುಡುವ ತನಕ ಸೇದಿದ್ದು. ವರ್ಷ ಕಳೆದಂತೆ ಒಂದು ಬೀದಿ ಬರಿದಾಯಿತು, ಇನ್ನೊಂದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಹೊಗೆ ಅದೇ, ಕೆಮ್ಮು ಅದೇ. ಅಲ್ಲಿ ಬಿಟ್ಟೋಯ್ತು, ಇಲ್ಲಿ ಯಾಕ್ ಉಳ್ಕೊಂಡ್ತು? ತಲೇಲಿ ಹುಳ ಬಿಟ್ಟಂಗಾಯ್ತು."

ಕೇಳದೆ ಸುಮ್ಮನಿರುವ ಜಾಯಮಾನ ಅವರದಲ್ಲ. ಕಚೇರಿಯ ಕಾವಲುಗಾರನನ್ನು ವಿಚಾರಿಸಿದರು. ಸಿಗರೇಟು ಬಿಡುವವರಿಗೆಂದು ಕಂಪನಿಯೇ ಡಾಕ್ಟರನ್ನು ಕರೆಸಿ ಔಷಧ ಕೊಡಿಸಿತ್ತು. ಗೋದಾಮಿನ ಉತ್ತರ ಮಾತ್ರ ಅವರ ಮನೆಯಲ್ಲೇ ಇತ್ತು. ಗಂಡ ಅಲ್ಲಿ ಮೂಟೆ ಹೊರುತ್ತಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹಾಳಾದ್ದನ್ನು ಬಿಡಬಾರದೇ ಎಂದು ಇವರು ಜಗಳ ತೆಗೆದ ದಿನ ಗಂಡ ತಣ್ಣಗೆ ಹೇಳಿದರಂತೆ: "ಸುಮ್ನೆ ಕೂತ್ರೆ ಮೇಸ್ತ್ರಿ ಸೋಮಾರಿ ಅಂತಾನೆ ಕಣೇ. ಸಿಗರೇಟ್ ಹಚ್ಚಿದ್ರೆ ಐದ್ ನಿಮಿಷ ಕೂರೋಕ್ ಬಿಡ್ತಾನೆ."

ಆ ಮಾತು ನಾಟಿತು. ಎರಡೂ ಬೀದಿಯ ಒಂದು ದಿನದ ತುಂಡುಗಳನ್ನು ಎರಡು ಗಾಜಿನ ಡಬ್ಬಿಗೆ ತುಂಬಿ, ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಮೇಜಿನ ಮೇಲಿಟ್ಟರು. ಒಂದರ ತಳವೂ ಸರಿಯಾಗಿ ಮುಚ್ಚಿರಲಿಲ್ಲ, ಇನ್ನೊಂದಕ್ಕೆ ಮುಚ್ಚಳ ಕೂರುತ್ತಿರಲಿಲ್ಲ. ಡಾಕ್ಟರಮ್ಮ ತುಸು ಹೊತ್ತು ನೋಡಿ, ಗೋದಾಮಿನವರು ತಮ್ಮ ಹತ್ತಿರ ಯಾಕೆ ಬರುವುದಿಲ್ಲ ಎಂದು ಕೇಳಿದರು.

"ನೀವು ಬಾಗ್ಲು ತೆಗಿಯೋ ಹೊತ್ಗೆ ಅವ್ರ ಬೆನ್ನ ಮೇಲೆ ಮೂಟೆ ಇರುತ್ತಮ್ಮ. ನೀವೇ ಬನ್ನಿ."

ಈಗ ಪ್ರತಿ ಮಂಗಳವಾರ ಬೆಳಗ್ಗೆ ಆರಕ್ಕೆ ಡಾಕ್ಟರಮ್ಮ ಗೇಟಿಗೇ ಬರುತ್ತಾರೆ. ಸೇದಲಿ, ಬಿಡಲಿ, ಎಲ್ಲರಿಗೂ ಬಿಡುವು ಕೊಡಬೇಕೆಂದು ಮೇಸ್ತ್ರಿಯ ಬೆನ್ನುಬಿದ್ದು ಒಪ್ಪಿಸಿದ್ದು ಲೆಕ್ಕದಕ್ಕನೇ. ಎಂಟು ತಿಂಗಳಲ್ಲಿ ಗೋದಾಮು ಬೀದಿಯ ನಾನೂರು ಮುನ್ನೂರಕ್ಕೆ ಇಳಿದಿದೆ. ಒಂಬತ್ತು ಮಂದಿ ಪೂರ್ತಿ ಬಿಟ್ಟಿದ್ದಾರೆ. ಗಂಡ ಆ ಒಂಬತ್ತರಲ್ಲಿ ಇಲ್ಲ. ಎರಡು ಸಲ ಬಿಟ್ಟು, ಎರಡು ಸಲ ಹಿಡಿದು, ಸದ್ಯಕ್ಕೆ ದಿನಕ್ಕೆ ನಾಲ್ಕರಲ್ಲಿದ್ದಾರೆ. ಬೇಜಾರಿಲ್ಲವೇ ಎಂದರೆ, ಮೊದಲು ಹದಿನೈದಿತ್ತಲ್ಲ ಎಂದು ಲೆಕ್ಕದಕ್ಕ ನಗುತ್ತಾರೆ.

ಇನ್ನೇನಾಗಬೇಕು ಎಂದು ಕೇಳಿದಾಗ ಪೊರಕೆಯನ್ನು ಗೋಡೆಗೆ ಒರಗಿಸಿ ಯೋಚಿಸುತ್ತಾರೆ.

"ಗೇಟ್ ಹತ್ರ ಒಂದು ಬೆಂಚು ಹಾಕ್ಸಿದ್ರೆ ಸಾಕು. ಸುಸ್ತಾದ ಮನುಷ್ಯ ಬರಿಗೈಲಿ ಕೂತ್ಕೊಳ್ಳೋ ಹಂಗಿರ್ಬೇಕು."