ಅಕ್ಕನ ಬೋರಮಾಳ

ನಾನು ಚಿಕ್ಕವಳಿದ್ದಾಗ ಬಲು ಉಪದ್ವ್ಯಾಪಿ. ಮಾಡಬೇಡ ಎಂದದ್ದನ್ನು ಬಿಟ್ಟು ಉಳಿದ ಕೆಲಸವೆಲ್ಲ ನನಗೆ ಬೇಸರ. ಶೇಡಬಾಳದ ನಮ್ಮ ಮನೆಯಲ್ಲಿ ಅಕ್ಕನ ಮದುವೆಗೆ ಎರಡೇ ದಿನ ಉಳಿದಿತ್ತು. ಅಂಗಳದಲ್ಲಿ ಶಾವಿಗೆ ಒಣಗುತ್ತಿತ್ತು, ಒಳಗಿನಿಂದ ಬುಂದಿ ಕರಿಯುವ ವಾಸನೆ ಬರುತ್ತಿತ್ತು.

ಅಕ್ಕನಿಗೆಂದು ಅವ್ವ ತೆಗೆದಿಟ್ಟದ್ದು ಒಂದೇ ಒಡವೆ, ತನ್ನ ಬೋರಮಾಳ. ಬೋರೆಹಣ್ಣಿನ ಆಕಾರದ ಬಂಗಾರದ ಮಣಿಗಳನ್ನು ಕೆಂಪು ದಾರದಲ್ಲಿ ಪೋಣಿಸಿದ ಸರ ಅದು. ಕೊಲ್ಲಾಪುರದ ರಾಣಿಯರು ಇಂಥದ್ದನ್ನೇ ಹಾಕಿಕೊಳ್ಳುತ್ತಿದ್ದರೆಂದು ಅವ್ವ ಹೇಳುತ್ತಿದ್ದಳು. ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ ಒರೆಸಿ, ಹತ್ತಿ ಹಾಸಿದ ಡಬ್ಬಿಯಲ್ಲಿ ಇಡುತ್ತಿದ್ದಳು. ನೀರು ಮಾತ್ರ ತಾಗಿಸುತ್ತಿರಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ.

ಆ ದಿನ ಅದು ನನಗೆ ಮಾಸಿದಂತೆ ಕಂಡಿತು. ಅಕ್ಕ ಬಿಟ್ಟು ಹೋಗುತ್ತಾಳೆಂಬ ಸಂಕಟ ಒಂದು ಕಡೆ, ಅವಳು ರಾಣಿಯಂತೆ ಕಾಣಬೇಕೆಂಬ ಆಸೆ ಇನ್ನೊಂದು ಕಡೆ. ಬಚ್ಚಲ ಹಂಡೆಯಿಂದ ಕುದಿನೀರು ಮೊಗೆದು, ಅಂಟವಾಳದ ನೊರೆ ಮಾಡಿ, ಸರವನ್ನು ಅದರಲ್ಲಿ ಮುಳುಗಿಸಿದೆ. ತುಸು ಹೊತ್ತಿನ ಮೇಲೆ ತೆಗೆದು ತಿಕ್ಕಿದರೆ, ಹೆಬ್ಬೆರಳಿನಡಿ ಮಣಿಗಳು ಒಂದೊಂದಾಗಿ ತಗ್ಗಾದವು. ಸರ ಹಿಡಿದುಕೊಂಡು ಅವ್ವನ ಹತ್ತಿರ ಓಡಿದೆ.

ಅವ್ವ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಸರವನ್ನೇ ನೋಡುತ್ತ ಕುಳಿತಳು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಅಕ್ಕ ನನ್ನ ಕೈ ಹಿಡಿದು ಓಣಿಯ ಕೊನೆಗಿದ್ದ ಪತ್ತಾರ ಕಾಕಾನ ಅಂಗಡಿಗೆ ನಡೆದಳು. ಬಂಗಾರದ ಕೆಲಸದಲ್ಲೇ ಕಣ್ಣು ಸವೆಸಿದ ಮನುಷ್ಯ ಅವರು. ಸರವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದರು.

“ತಂಗಿ, ಮ್ಯಾಲಷ್ಟ ತೆಳ್ಳನ ಬಂಗಾರ, ಒಳಗ ಅರಗ ಇರತೈತಿ. ಬಿಸಿನೀರ ಬಿದ್ರ ಮೆತ್ತಗಾಕ್ಕೈತಿ.”

ಸಂಜೆಯವರೆಗೂ ಕೂತು, ಅವರು ಹೊಸ ಅರಗು ತುಂಬಿ ಮಣಿಗಳನ್ನು ತಿದ್ದಿದರು. ಕೊನೆಯ ಮಣಿಗೆ ಬಂದಾಗ ಅಕ್ಕ ತಡೆದಳು.

“ಕಾಕಾ, ಇದೊಂದ ಹಂಗ ಬಿಡ್ರಿ. ನನ್ನ ತಂಗಿ ಬೆರಳ ಐತಿ ಇದರಾಗ.”

ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಈಗಿನ ಹುಡುಗಿಯರು ನೀವು, ಮೊಬೈಲಿನಲ್ಲಿ ನೋಡಿ ರಾಣಿಹಾರ ತರಿಸುತ್ತೀರಿ. ಒಂದು ಗ್ರಾಂ ಬಂಗಾರದ್ದು. ಸೆಂಟು ತಾಗಿ ಕಪ್ಪಾದರೆ ಮೂರು ದಿನಕ್ಕೆ ಬೇರೆಯದು ಮನೆ ಬಾಗಿಲಿಗೆ ಬರುತ್ತದೆ. ಅಳುವ ಕಾರಣವೇ ಇಲ್ಲ, ಪುಣ್ಯವಂತರು ನೀವು. ಆ ಹಾರಗಳು ಚೆಂದವೂ ಕಾಣುತ್ತವೆ, ಸುಳ್ಳು ಯಾಕೆ ಹೇಳಲಿ. ನನಗೆ ಮಾತ್ರ ಅಕ್ಕನ ಕೊರಳೇ ನೆನಪಾಗುತ್ತದೆ. ಎಷ್ಟೋ ಹಬ್ಬ, ಎಷ್ಟೋ ಮದುವೆ ಕಳೆದವು. ಆ ತಗ್ಗು ಮಣಿಯ ಬಗ್ಗೆ ಯಾರು ಕೇಳಿದರೂ ನನ್ನ ಹೆಸರು ಹೇಳದೆ, ನನ್ನ ತಪ್ಪನ್ನು ಅವಳು ಕೊನೆಯವರೆಗೂ ಒಡವೆ ಮಾಡಿಕೊಂಡು ಹಾಕಿಕೊಂಡಳು.