ಕೀಲಿ ಕೊಡುವವರು ಓಣಿ ಕೇಳಿದರು

ಒಂದು ಪ್ರೋಗ್ರಾಂ ಯಾವುದೋ ಜಾಲತಾಣಕ್ಕೆ ಹೋಗಿ ಏನನ್ನಾದರೂ ಕೇಳಿ ಉತ್ತರ ತರಬೇಕಾದರೆ, ಆ ಓಡಾಟದ ಕೋಡನ್ನು ಎಲ್ಲರೂ ಹೊಸದಾಗಿ ಬರೆಯುವುದಿಲ್ಲ. ಯಾರೋ ಬರೆದು ಪುಕ್ಕಟೆಯಾಗಿ ಇಟ್ಟ ಸಿದ್ಧ ಕೋಡನ್ನು, ಅಂದರೆ ಲೈಬ್ರರಿಯನ್ನು, ಬಳಸುತ್ತಾರೆ. ಅಂಥದ್ದೊಂದು ಲೈಬ್ರರಿಯಲ್ಲಿ ನಾನು ಕೆಲವು ವರ್ಷಗಳಿಂದ ತಪ್ಪು ತಿದ್ದುತ್ತಿದ್ದೆ. ನಮ್ಮ ಮನೆ ಕುರೆಕುಪ್ಪದಲ್ಲಿ. ಅಪ್ಪ ಗಣಿಯಲ್ಲಿ ಲೋಡಿಂಗ್ ಕೆಲಸ ಮಾಡಿದವರು. ಲೈಬ್ರರಿಯಲ್ಲಿ ಇದನ್ನೆಲ್ಲ ಯಾರೂ ಕೇಳುತ್ತಿರಲಿಲ್ಲ. ಎರಡಕ್ಷರದ ಸುಳ್ಳು ಹೆಸರಿಟ್ಟುಕೊಂಡಿದ್ದೆ. ಕೋಡ್ ಸರಿಯಿದ್ದರೆ ಸೇರಿಸಿಕೊಳ್ಳುತ್ತಿದ್ದರು, ಇಲ್ಲದಿದ್ದರೆ ವಾಪಸ್. ಅಷ್ಟು ನೆಮ್ಮದಿ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಅದನ್ನು ಶುರು ಮಾಡಿದವರು ಕಂಪ್ಲಿಯವರೆಂದು ತಡವಾಗಿ ತಿಳಿಯಿತು. ಅಕ್ಕಿ ಗಿರಣಿಯ ಮನೆಯವರು. ವಯಸ್ಸಾಗಿ ಕಣ್ಣು ಸೋಲುತ್ತಿತ್ತಂತೆ. ಹೊಸ ಆವೃತ್ತಿ ಬಿಡುಗಡೆ ಮಾಡುವ ಕೀಲಿ, ಅಂದರೆ ಆ ಅಧಿಕಾರ, ಅವರೊಬ್ಬರ ಕೈಯಲ್ಲಿತ್ತು. ನಿಮಗೆ ಕೊಡುವ ಮನಸ್ಸಿದೆ, ಯಾವ ಊರು ಎಂದು ಬರೆದರು. ಕುರೆಕುಪ್ಪ ಎಂದೆ. ಹಾಗಾದರೆ ಒಮ್ಮೆ ಹೊಸಪೇಟೆಗೆ ಬನ್ನಿ ಎಂದರು. ಆ ಕೀಲಿ ನನಗೆ ಬೇಕೇ ಬೇಕಿತ್ತು. ಮುಖ ತೋರಿಸದೆ ಸಿಕ್ಕಿದ್ದರೆ ಇನ್ನೂ ಚೆನ್ನಾಗಿತ್ತು.

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಒಗ್ಗಾಣಿ-ಮಿರ್ಚಿ ಬರುವ ಮೊದಲೇ ಅವರ ವಿಚಾರಣೆ ಶುರುವಾಯಿತು.

"ಕುರೆಕುಪ್ಪದಾಗ ಯಾವ ಓಣಿ ಬರ್ತದವ್ವಾ?"

"ನೀರಿನ ಟ್ಯಾಂಕ್ ಹತ್ರ, ಸರ್."

"ಮನಿತನದ ಹೆಸ್ರು?"

ಊರು, ಓಣಿ, ಮನೆತನ. ಈ ದಾರಿ ಎಲ್ಲಿಗೆ ಹೋಗುತ್ತದೆಂದು ನನಗೆ ಬಾಯಿಪಾಠ. ಬಾಡಿಗೆ ಮನೆ ಕೇಳಲು ಹೋದಾಗಲೆಲ್ಲ ಹೀಗೇ ನನ್ನ ಜಾತಿ ಹುಡುಕಿದ್ದಾರೆ. ಸಿಕ್ಕ ಕೂಡಲೇ ಮನೆ ಬೇರೆಯವರಿಗೆ ಹೋಗಿಬಿಟ್ಟಿದೆ. ಮೈ ಉರಿಯಿತು.

"ನನ್ನ ಕೋಡ್ ಓದೀರಲ್ಲ ಸರ್, ಮನಿತನ ಯಾಕ ಬೇಕು?"

ಅವರು ನೀರಿನ ಲೋಟ ಕೆಳಗಿಟ್ಟರು. "ಹೋದ ತಿಂಗ್ಳ ಯಾರೋ ಒಬ್ಬ ಭಾಳ ಸವಿ ಮಾತಾಡಿ ಈ ಕೀಲಿ ಕೇಳಿದ. ಯಾರು, ಎಲ್ಲಿಯವ, ಒಂದೂ ಗೊತ್ತಿಲ್ಲ. ಅಂಥವ ಕಳ್ಳ ಕೋಡ್ ತುರುಕಿದ್ರ ಬಳಸೋರೆಲ್ಲ ಹಾಳಾಗ್ತಾರ. ನಿಮಗ ಕೊಟ್ಟು ಕೆಟ್ರ ನಾ ಯಾರ ಬಾಗ್ಲ ಬಡೀಲಿ?"

ಮಾತು ಸರಿಯೇ. ಆದರೆ ಬಾಗಿಲು ಬಡಿಯಲು ಓಣಿ ಸಾಕು, ಮನೆತನ ಯಾಕೆ? ಸರಿಯಾದ ಮಾತಿನ ಮರೆಯಲ್ಲಿ ನಿಂತು ಜಾತಿ ಕೇಳುವವರನ್ನು ನಾನು ಕಾಣದವಳೇನಲ್ಲ.

"ಹಂಗಾರ ಬರ್ರಿ, ಬಾಗ್ಲಾನ ನೋಡ್ರಿ," ಎಂದೆ. ಬರಲಾರರು ಅಂದುಕೊಂಡಿದ್ದೆ. ಬಂದೇಬಿಟ್ಟರು.

ಬಸ್ಸಿಳಿದು ನಡೆದೆವು. ನಮ್ಮ ಓಣಿಯ ಬಾಯಲ್ಲಿರುವ ನೀಲಿ ಬಾವುಟವನ್ನು ಅವರು ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಮನೆಯೊಳಗೆ ಹೋಗಿ ತಿರುಗಿದರೆ ಹೊಸ್ತಿಲಾಚೆಯೇ ನಿಂತಿದ್ದರು. ಗೊತ್ತಿತ್ತು ನನಗೆ ಎಂದುಕೊಂಡೆ. ಒಂದು ಬಗೆಯ ಸಮಾಧಾನವೂ ಆಯಿತು.

"ಯಾಕ ಸರ್, ಅಲ್ಲೇ ನಿಂತ್ರಿ?"

"ನೀವು ಒಳಗ ಕರದೇ ಇಲ್ಲಲ್ಲವ್ವಾ."

ಹೌದು, ಕರೆದಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು, "ಬರ್ರಿ, ಕುಂದ್ರಿ," ಎಂದು ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ಚಹಾ ಕೊಟ್ಟಳು. ಅವರು ಕುಡಿದರು. ನಾನು ಲೋಟವನ್ನೇ ದುರುಗುಟ್ಟಿ ನೋಡುತ್ತಿದ್ದೆ. ಅಮ್ಮ ಮೊಣಕೈಯಿಂದ ತಿವಿದಳು.

ಮರುದಿನ ಕೀಲಿ ಬಂತು. ಬಂದ ಕೂಡಲೇ, ಇತ್ತೀಚೆಗೆ ಅವರು ಬರೆದ ಕೋಡನ್ನೆಲ್ಲ ಸಾಲು ಬಿಡದೆ ಓದಿದೆ. ತಪ್ಪೇನೂ ಸಿಗಲಿಲ್ಲ. ಮತ್ತೆ ಮೊದಲಿಂದ ಓದುತ್ತಿದ್ದಾಗ ಅವರದೇ ಫೋನ್.

"ಏನ್ ಮಾಡಾಕತ್ತೀರವ್ವಾ?"

"ನೀವೇನಾದ್ರೂ ಕಳ್ಳ ಕೋಡ್ ಹಾಕೀರೇನು ಅಂತ ನೋಡಾಕತ್ತೀನಿ, ಸರ್."



"ನೋಡ್ರಿ," ಎಂದರು. "ಅದಕ್ಕ ನಿಮಗ ಕೊಟ್ಟಿದ್ದು."