ಸ್ಪಿಂಡಲಿನ ಬಾಯಿಗೆ ವಿಭೂತಿ

ಟಿ. ದಾಸರಹಳ್ಳಿಯ ನಮ್ಮ ವಠಾರದ ಎದುರು ಮನೆಯ ಕೊಟ್ರಪ್ಪ ಕೊಟ್ಟೂರಿನ ಕಡೆಯವರು. ಹಣೆಗೆ ವಿಭೂತಿ ಧರಿಸದೆ ಮನೆಯಿಂದ ಹೊರಡುವವರಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಫಿಟ್ಟರ್. ಅಲ್ಲಿ ಯಂತ್ರ ಕೆಟ್ಟರೆ ಅವರು ಹೇಳಿದ್ದೇ ಕೊನೆ, ಇನ್ನೊಬ್ಬರನ್ನು ಕೇಳುವುದಿಲ್ಲ.

ಹೋದ ಆಯುಧಪೂಜೆಯ ದಿನ ಮಿಲ್ಲಿಂಗ್ ಮಷೀನಿನ ಟೂಲುಗಳನ್ನೆಲ್ಲ ಬಿಚ್ಚಿ, ತೊಳೆದು, ಪೂಜೆಗೆ ಮೇಜಿನ ಮೇಲೆ ಜೋಡಿಸಿದ್ದರು. ಟೂಲು ಕೂರುವ ಸ್ಪಿಂಡಲಿನ ಬಾಯಿ ಬರಿದಾಗಿತ್ತು. ಪ್ರತಿ ವರ್ಷ ಯಂತ್ರದ ಮುಂಭಾಗಕ್ಕೆ ವಿಭೂತಿ ಎಳೆಯುತ್ತಿದ್ದ ಕೊಟ್ರಪ್ಪ, ಅನ್ನ ಕೊಡುವುದು ಈ ಬಾಯಿಯಲ್ಲವೇ ಎಂದುಕೊಂಡು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಅದರ ಒಳಗೋಡೆಗೇ ಎಳೆದರು.

ರಜೆ ಮುಗಿದು ಕೆಲಸ ಶುರುವಾದ ದಿನವೇ ಪೀಸುಗಳ ತೂತು ಅಳತೆಗಿಂತ ದೊಡ್ಡದಾಗಿ ಬಂತು. ತಿರುಗುವಾಗ ಟೂಲು ಕೂದಲೆಳೆಯಷ್ಟು ಓಲಾಡುತ್ತಿತ್ತು. ಅದಕ್ಕೆ ಅವರು ರನೌಟ್ ಎನ್ನುತ್ತಾರೆ. ಆ ಯಂತ್ರ ನಡೆಸುವವಳು ಸುಮಂಗಲಾ, ಹಾವೇರಿ ಕಡೆಯ ಹೆಣ್ಣುಮಗಳು. ನಾಲ್ಕು ವರ್ಷ ಪ್ಯಾಕಿಂಗ್‌ನಲ್ಲಿ ದುಡಿದು, ನೋಡಿ ನೋಡಿಯೇ ಕಲಿತು ಯಂತ್ರಕ್ಕೆ ಬಂದಿದ್ದಳು.

ಕೊಟ್ರಪ್ಪ ಸ್ಪಿಂಡಲಿಗೆ ಉದ್ದನೆಯ ಟೆಸ್ಟ್ ಬಾರ್ ಹಾಕಿ, ಡಯಲ್ ಗೇಜ್ ತಾಗಿಸಿ, ಕೈಯಿಂದ ತಿರುಗಿಸಿದರು. ಮುಳ್ಳು ಆರು ಗೆರೆ ಆಡಿತು. ಬಾರನ್ನು ಅರ್ಧ ಸುತ್ತು ತಿರುಗಿಸಿ ಹಾಕಿದರೂ ಓಲಾಟ ಸ್ಪಿಂಡಲಿನ ಅದೇ ಮಗ್ಗುಲಲ್ಲಿ ನಿಂತಿತು. ಅಂದರೆ ದೋಷ ಬಾರಿನದಲ್ಲ.

"ಬೇರಿಂಗ್ ಹೋಗೇತ್ರಿ ಸಾರ್. ಎಲ್ಲೋ ಜೋರಾಗಿ ಗುದ್ದೇತಿ" ಎಂದರು ಮಾಲೀಕ ಅಂಬರೀಶ್‌ಗೆ.

ಎಲ್ಲರೂ ಸುಮಂಗಲಾಳ ಕಡೆ ತಿರುಗಿದರು. ಪೂಜೆಯ ಹಿಂದಿನ ದಿನ ಟೂಲು, ಪೀಸನ್ನು ಬಿಗಿ ಹಿಡಿಯುವ ವೈಸಿಗೆ ತಗುಲಿತೆಂದು ಅವಳೇ ಬಂದು ಹೇಳಿದ್ದಳು.

"ಅದು ಬರೇ ಸವರಿದ್ದು ಅಣ್ಣಾರ. ಬಾರ್ ತಗದು, ಬಾಯಿ ಒಳಗ ಗೇಜ್ ಇಟ್ಟು ಒಮ್ಮೆ ನೋಡ್ರಿ."

"ನನಗ ಗೇಜ್ ಹಿಡಿಯೋದು ನೀ ಕಲಸ್ತೀಯೇನವ್ವಾ? ನಿನ್ನೆ ಮೊನ್ನಿ ತನಕಾ ಡಬ್ಬಿಗೆ ಟೇಪ್ ಹಚ್ಚಾಕಿ!"

ಸುತ್ತ ನಿಂತವರು ನಕ್ಕರು. ಆ ದಿನವೇ ಅವಳನ್ನು ಮತ್ತೆ ಪ್ಯಾಕಿಂಗ್‌ಗೆ ಕಳಿಸಿದರು.

ಎಂಟು ದಿನದ ಮೇಲೆ ಸ್ಪಿಂಡಲ್ ಬಿಚ್ಚಿ ರಿಪೇರಿಗೆ ಕಳಿಸುವುದಿತ್ತು. ರಿಪೇರಿಯವರು ಒಳಗಿನ ರೀಡಿಂಗ್ ಕೇಳಿದ್ದರಿಂದ ಕೊಟ್ರಪ್ಪ ಆಗ ಗೇಜನ್ನು ಒಳಗಿಟ್ಟರು. ಸುತ್ತಿನ ಉದ್ದಕ್ಕೂ ಮುಳ್ಳು ಅಲುಗಲಿಲ್ಲ. ಅಂದರೆ ಬೇರಿಂಗ್ ಗಟ್ಟಿಯಾಗಿತ್ತು. ಒಂದೇ ಒಂದು ಕಡೆ ಮಾತ್ರ ಮುಳ್ಳು ಹಾರಿತು. ಬೆರಳಾಡಿಸಿದರೆ ಅವರೇ ಎಳೆದ ಮೂರು ಗೆರೆ, ಎಣ್ಣೆ ಕುಡಿದು ಹಕ್ಕಳೆ ಕಟ್ಟಿತ್ತು. ಟೂಲು, ಬಾರ್ ಎರಡೂ ಅದರ ಮೇಲೆ ಕೂತು ಓರೆಯಾಗುತ್ತಿದ್ದವು. ಮೊದಲ ದಿನ ಬಾರ್ ಹಾಕುವ ಮುಂಚೆ ಬಾಯಿ ಒರೆಸುವಾಗ ಆ ಗೆರೆ ಕಂಡಿತ್ತು. ಪೂಜೆಯ ಗುರುತು ತಾನಾಗಿ ಹೋಗಬೇಕು, ಒರೆಸಬಾರದು ಎಂದು ಬಟ್ಟೆಯನ್ನು ಅದರ ಪಕ್ಕದಲ್ಲೇ ತಿರುಗಿಸಿ ತೆಗೆದಿದ್ದರು.

ಯಾರೂ ನೋಡುತ್ತಿರಲಿಲ್ಲ. ಒರೆಸಿದರು. ಬಾರ್ ಹಾಕಿದರೆ ಓಲಾಟವೇ ಇಲ್ಲ.

"ಬಿಚ್ಚದೇನೇ ಸರಿ ಮಾಡ್ಬಿಟ್ರಾ? ಡಾಕ್ಟ್ರು ಕಣ್ರೀ ನೀವು!" ಎಂದರು ಅಂಬರೀಶ್.

"ಸ್ವಲ್ಪ ಸೆಟ್ಟಿಂಗ್ ಇತ್ರಿ" ಎಂದುಬಿಟ್ಟರು ಕೊಟ್ರಪ್ಪ.

ಅದಾದ ಮೂರನೆಯ ದಿನ ಸಂಜೆ, ನಾನು ದೀಪ ಹಚ್ಚಿ ಏಳುವಾಗ, ಕೊಟ್ರಪ್ಪ ನಮ್ಮ ಬಾಗಿಲಲ್ಲಿ ನಿಂತಿದ್ದರು. ಹಣೆ ಬರಿದಾಗಿತ್ತು.

"ಹಚ್ಗೊಳ್ಳಾಕ ಕೈ ಬರವಲ್ದು ಅಕ್ಕಾರ" ಎಂದು ಹೊಸ್ತಿಲ ಬಳಿ ಕೂತು ಎಲ್ಲ ಹೇಳಿದರು. ನೆಲ ಬಿಟ್ಟು ಕಣ್ಣೆತ್ತಲಿಲ್ಲ. "ಹೇಳಿದ್ರ ಹದಿನೆಂಟು ವರ್ಷದ ಮರ್ಯಾದಿ ಹೋಕ್ಕೈತ್ರಿ."

"ಅವಳು ಈಗ ಎಲ್ಲಿದ್ದಾಳೆ?" ಎಂದಷ್ಟೇ ಕೇಳಿದೆ.

"ಪ್ಯಾಕಿಂಗ್‌ನಾಗ." ಎಂದು ಎದ್ದು ಹೋದರು. ಬುದ್ಧಿ ಹೇಳಲು ನನಗೂ ಬಾಯಿಲ್ಲ. ಪೂಜೆಯ ಗುರುತು ಒರೆಸಬೇಡ ಎಂದು ನನ್ನ ಮಕ್ಕಳಿಗೆ ನಾನೂ ಹೇಳಿದವಳೇ.

ಮರುದಿನ ಟೀ ಹೊತ್ತಿನಲ್ಲಿ ಕೊಟ್ರಪ್ಪ ಅಂಬರೀಶ್ ಮುಂದೆ ಸುಮಂಗಲಾಳನ್ನು ಕರೆಸಿ ನಡೆದದ್ದನ್ನು ಹೇಳಿದರಂತೆ. ಅಂಬರೀಶ್ ಮುಖ ಸಣ್ಣದು ಮಾಡಿಕೊಂಡು, "ಹೋಗ್ಲಿ ಬಿಡಿ. ಸುಮಂಗಲಾ, ನಾಳೆಯಿಂದ ಮಷೀನಿಗೆ ಬಾಮ್ಮ. ವಿಷ್ಯ ಇಲ್ಲಿಗೇ ಮುಗೀಲಿ" ಎಂದರು.

"ಇಲ್ಲಿಗೇ ಹ್ಯಾಂಗ ಮುಗೀತೈತ್ರಿ ಸಾರ್? ಅಂದದ್ದು ಎಲ್ಲಾರ ಮುಂದ. ಮಷೀನ್ ಮುರಿದಾಕಿ ಅಂತನ ಕರೀತಾರ ಅಲ್ಲಿ ನನ್ನ" ಎಂದಳು ಸುಮಂಗಲಾ.

ಕೊಟ್ರಪ್ಪ ಪ್ಯಾಕಿಂಗ್ ಮೇಜಿನ ತನಕ ಅವಳ ಹಿಂದೆ ನಡೆದರು. ಅಲ್ಲಿದ್ದ ಐದಾರು ಹೆಂಗಸರ ಮುಂದೆ ಇನ್ನೊಮ್ಮೆ ಹೇಳಿದರು. ಜ್ಯೋತಿಲಕ್ಷ್ಮಿ ಎಂಬಾಕೆ ಕಿಸಕ್ಕನೆ ನಕ್ಕು, "ಅಂಗಾದ್ರೆ ದೇವ್ರೇ ಮಷೀನ್ ಕೆಡಿಸ್ದ ಅನ್ನಿ!" ಎಂದಳು.

"ದೇವರಲ್ಲವ್ವ, ನಾನು. ನೋಡ್ರಿ ಅಂತ ಈಕಿ ಅಂದಾಗ ನೋಡಲಿಲ್ಲ. ತಿಳಿದ ಮ್ಯಾಲೂ ಮುಚ್ಚಿಟ್ಟೆ."

ಆಮೇಲೆ ಯಾರೂ ನಗಲಿಲ್ಲ. ಸುಮಂಗಲಾ ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲಿಟ್ಟು, ನಾಳೆಗೆ ಕಾಯದೆ, ಯಂತ್ರದ ಕಡೆ ನಡೆದಳು.

ಈಗ ಇಬ್ಬರೂ ಕೆಲಸದ ಮಾತು ಆಡುತ್ತಾರೆ, ಅಷ್ಟೇ. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ. ಕೇಳುವ ಮುಖ ತಮಗಿಲ್ಲ ಎನ್ನುತ್ತಾರೆ ಕೊಟ್ರಪ್ಪ.